ಕೆರೆ ಸುತ್ತ ವಾಕಿಂಗ್ ಟ್ರ್ಯಾಕ್ ಬರುತ್ತಂತೆ, ಅರ್ಜಿಗೆ ಸಹಿ ಹಾಕಲಾ ಬೇಡವಾ? (ಕೋಲಾರ)

ನರಸಾಪುರ_ಶಿಫ್ಟ್:

ಎಲ್ಲರಿಗೂ ನಮಸ್ಕಾರ. ಕೋಲಾರ ಊರಿನ ಅಂಚಿನಲ್ಲಿ ನಮ್ಮ ಮನೆ. ನರಸಾಪುರದ ಕಾರ್ಖಾನೆಯೊಂದರಲ್ಲಿ ನನಗೆ ಶಿಫ್ಟ್ ಕೆಲಸ. ಮನೆಯ ಹಿಂದೆ ಒಂದು ಕೆರೆ ಇದೆ. ಹೆಸರು ಹೇಳುವುದಿಲ್ಲ, ನಮ್ಮ ಬೀದಿಯವರೂ ಇಲ್ಲಿ ಓದುತ್ತಾರೆ.

ನಾನು ಹೈಸ್ಕೂಲಿನಲ್ಲಿದ್ದಾಗ ಆ ಕೆರೆಯಲ್ಲಿ ಹನಿ ನೀರಿರಲಿಲ್ಲ. ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ಬಾಲ್ ಬಳ್ಳಾರಿ ಜಾಲಿಯೊಳಗೆ ಹೋದರೆ ಆಟ ಮುಗಿಯಿತು. ಬೆಂಗಳೂರಿನ ಕೊಳಚೆ ಶುದ್ಧ ಮಾಡಿ ಕಳಿಸುವ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಎಲ್ಲಾ ಬದಲಾಯಿತು. ಈಗ ಏಪ್ರಿಲ್‌ನಲ್ಲೂ ನೀರು ನಿಂತಿರುತ್ತದೆ. ಮೊದಲು ಕೆರೆಗೆ ಬೆನ್ನು ಹಾಕಿ ಮನೆ ಕಟ್ಟುತ್ತಿದ್ದವರು ಈಗ ಬಾಲ್ಕನಿ ಆ ಕಡೆಗೇ ಇಡುತ್ತಾರೆ. 'ಲೇಕ್ ವ್ಯೂ' ಅಂತ ಬೋರ್ಡು ಹಾಕಿದ ಹೊಸ ಲೇಔಟ್ ಕೂಡ ಬಂದಿದೆ. ಸೈಟಿನ ರೇಟು ಕೇಳಲೇಬೇಡಿ.

ಈಗ ಕೆರೆಯನ್ನು ಅಭಿವೃದ್ಧಿ ಮಾಡುತ್ತಾರಂತೆ. ಸುತ್ತಲೂ ಮಣ್ಣಿನ ದಂಡೆ, ಅದರ ಮೇಲೆ ಪೇವರ್ ಹಾಕಿದ ಟ್ರ್ಯಾಕ್, ತಂತಿಬೇಲಿ, ಲೈಟು, ಕೂರಲು ಮಂಟಪ, ಒಂದು ಸೆಲ್ಫಿ ಪಾಯಿಂಟ್. ಮೇಲ್ಗಡೆ, ಅಂದರೆ ರಾಜಕಾಲುವೆ ಬಂದು ಸೇರುವ ಕಡೆ, ಜೊಂಡು ದಟ್ಟವಾಗಿ ಬೆಳೆದಿದೆ. ಅದನ್ನೆಲ್ಲ ಜೆಸಿಬಿಯಲ್ಲಿ ಕಿತ್ತು ಆಳ ಮಾಡುತ್ತಾರೆ. ನಮ್ಮ ಬಡಾವಣೆ ಸಂಘದವರು 'ಬೇಗ ಮಾಡಿಕೊಡಿ' ಅಂತ ಅರ್ಜಿ ಬರೆದು ಮನೆಮನೆಗೆ ಸಹಿಗೆ ಬರುತ್ತಿದ್ದಾರೆ.

ನಿಜ ಹೇಳಬೇಕೆಂದರೆ ನನಗೂ ಟ್ರ್ಯಾಕ್ ಬೇಕು. ಅಪ್ಪನಿಗೆ ಶುಗರ್. ಡಾಕ್ಟರ್ ದಿನಾ ನಡೆಯಿರಿ ಅಂದಿದ್ದಾರೆ. ಈಗ ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಲಾರಿಗಳ ನಡುವೆ ನಡೆಯುತ್ತಾರೆ. ಆದರೆ ಬಿಎಸ್ಸಿ ಓದುವ ಚಿಕ್ಕಪ್ಪನ ಮಗಳು ಸಹಿ ಹಾಕಬೇಡ ಅಂತ ಹಟ ಹಿಡಿದಿದ್ದಾಳೆ. ಜೊಂಡಿನಲ್ಲೇ ನೇರಳೆ ಜಂಬುಕೋಳಿ, ಗುಳುಮುಳುಕ ಗೂಡು ಮಾಡುತ್ತವೆ, ಅದನ್ನು ಕಿತ್ತರೆ ಕೆರೆ ಹೋಗಿ ಈಜುಕೊಳ ಉಳಿಯುತ್ತದೆ ಅನ್ನುತ್ತಾಳೆ. ಎದುರುಮನೆಯವರ ಪ್ರಕಾರ ಜೊಂಡು ಅಂದರೆ ಹಾವು, ಸೊಳ್ಳೆ, ಅಷ್ಟೇ.

ಇನ್ನೊಂದು ವಿಷಯ. ಎರಡು ಬಡಾವಣೆಗಳ ಕೊಳಚೆ ಆ ರಾಜಕಾಲುವೆಯಲ್ಲೇ ಬರುತ್ತದೆ. ಹೊಸ ಕೆಲಸದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ. ಗೊತ್ತಿದ್ದವರು ಹೇಳಿ. ಭಾನುವಾರ ಸಂಘದ ಸಭೆ ಇದೆ.

ಅಮಾನಿಕೆರೆ_ವಾಕರ್ (ತುಮಕೂರು):

ಸುಮ್ನೆ ಸಹಿ ಹಾಕಿ ಅಣ್ಣ. ಬೇಲಿ ಇಲ್ಲದ ಕೆರೆಯ ಕಥೆ ಎಲ್ಲ ಊರಲ್ಲೂ ಒಂದೇ. ಮೊದಲು ರಾತ್ರಿ ಹೊತ್ತು ಟ್ರ್ಯಾಕ್ಟರ್‌ನಲ್ಲಿ ಕಟ್ಟಡದ ಮಣ್ಣು ಬಂದು ಬೀಳುತ್ತದೆ. ಆಮೇಲೆ ಶೀಟಿನ ಶೆಡ್. ಆಮೇಲೆ ಕರೆಂಟು ಮೀಟರು. ಕೊನೆಗೆ ಸಕ್ರಮಕ್ಕೆ ಅರ್ಜಿ. ನಮ್ಮ ತುಮಕೂರು ಅಮಾನಿಕೆರೆಯಲ್ಲಿ ಬೆಳಿಗ್ಗೆ ಎಷ್ಟು ಜನ ನಡೆಯುತ್ತಾರೆ, ಬಂದು ನೋಡಿ. ಜನ ಓಡಾಡುವ ಕಡೆ ಕಸ ಸುರಿಯಲು ಯಾರಿಗೂ ಧೈರ್ಯ ಬರುವುದಿಲ್ಲ. ಹಕ್ಕಿಗೆ ಬೇರೆ ಕೆರೆ ಸಿಗುತ್ತದೆ, ನಿಮ್ಮ ತಂದೆಗೆ ನಡೆಯಲು ಬೇರೆ ಜಾಗ ಎಲ್ಲಿದೆ?

ಹಳೇ_ತೂಬು:

ಸಣ್ಣ ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತನಾದವನು ನಾನು. ಕೋಲಾರ, ಮಾಲೂರು, ಬಂಗಾರಪೇಟೆ ಕಡೆಯ ಕೆರೆಗಳ ಮೇಲೆ ಓಡಾಡಿದವನು. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ತುಮಕೂರಿನವರ ಭಯ ಸರಿಯಾದದ್ದು. ಆದರೆ ಅವರು ಬೇಲಿಯನ್ನೂ ದಂಡೆಯನ್ನೂ ಒಂದೇ ಮಾಡಿಬಿಟ್ಟರು. ಬೇಲಿ ಕೆರೆಯ ಗಡಿಯಲ್ಲಿ ನಿಲ್ಲುತ್ತದೆ. ಈ ದಂಡೆಯನ್ನು ನೀರು ನಿಲ್ಲುವ ಜಾಗದ ಒಳಗೆ ಹಾಕುತ್ತಾರೆ. ಆ ಮಣ್ಣಿನ ಹೊರಗೆ ಉಳಿದ ಕೆರೆಯ ಜಾಗ ಏನಾಗುತ್ತದೆ ಅಂತ ನಾನು ಹೇಳಬೇಕಿಲ್ಲ. ಒತ್ತುವರಿ ತಡೆಯಲು ಹಾಕಿದ ದಂಡೆಯೇ ಒತ್ತುವರಿದಾರನಿಗೆ ಗಡಿಕಲ್ಲು.

ನಮ್ಮ ಸೀಮೆಯ ಕೆರೆ ಹೇಗೆ ಕಟ್ಟಿದ್ದು ನೋಡಿ. ಇಳಿಜಾರಿಗೆ ಅಡ್ಡವಾಗಿ ಒಂದೇ ಕಡೆ ಏರಿ. ಉಳಿದ ಕಡೆಗಳಲ್ಲಿ ದಂಡೆಯೇ ಇಲ್ಲ, ಯಾಕೆಂದರೆ ನೀರು ಬರಬೇಕಾದ್ದು ಆ ಕಡೆಯಿಂದ. ಏರಿಯ ಹತ್ತಿರ ಆಳ. ಹಿಂದಕ್ಕೆ ಹೋದಂತೆ ಮೊಣಕಾಲು, ಆಮೇಲೆ ಪಾದ ಮುಳುಗುವಷ್ಟು, ಆಮೇಲೆ ಬರೀ ಹಸಿ ಮಣ್ಣು. ಮಳೆಗಾಲದಲ್ಲಿ ಈ ಅಂಚು ಹೊಲದವರೆಗೂ ಹೋಗುತ್ತದೆ, ಬೇಸಿಗೆಯಲ್ಲಿ ಒಳಗೆ ಸರಿಯುತ್ತದೆ. ಹುಲ್ಲು, ಜೊಂಡು, ಮೀನಿನ ಮರಿ, ಕಪ್ಪೆ ಎಲ್ಲ ಇರುವುದು ಇಲ್ಲೇ. ಬಣ್ಣದ ಕೊಕ್ಕರೆ ನಾಲ್ಕಡಿ ನೀರಿನಲ್ಲಿ ನಿಂತು ಮೀನು ಹಿಡಿಯುವುದಿಲ್ಲ. ತೆಳು ನೀರಿನಲ್ಲಿ ಕೊಕ್ಕು ತೆರೆದು ಆಡಿಸುತ್ತಾ ಹೋಗುತ್ತದೆ. ಮೆಟ್ಟುಗಾಲು ಹಕ್ಕಿಗೂ ಅಷ್ಟೇ. ಸುತ್ತ ದಂಡೆ ಹಾಕಿ, ನಡುವೆ ಒಂದೇ ಸಮ ಆಳ ತೆಗೆದರೆ ಕೆರೆ ಬಟ್ಟಲಾಗುತ್ತದೆ. ನೀರಿರುತ್ತದೆ, ಅಂಚು ಇರುವುದಿಲ್ಲ. ಹಾಗಾಗಿ 'ಹಕ್ಕಿಗೆ ಬೇರೆ ಕೆರೆ' ಅನ್ನುವ ಮಾತು ನಿಲ್ಲುವುದಿಲ್ಲ, ಬೇರೆ ಕೆರೆಗೂ ಇದೇ ನಕ್ಷೆ ಹೋಗುತ್ತಿದೆ.

ಯಾಕೆ ಎಲ್ಲ ಕಡೆ ಇದೇ ನಕ್ಷೆ? ಕೆಲಸ ಅಳೆಯಲು ಸುಲಭ. ಇಷ್ಟು ಘನ ಮೀಟರ್ ಮಣ್ಣು ಅಗೆದೆವು, ಇಷ್ಟು ಹಾಕಿದೆವು, ಬಿಲ್ ಆಯಿತು. ಮೂರು ಕಿಲೋಮೀಟರ್ ಆಚೆ ಒಳಚರಂಡಿ ಪೈಪು ಜೋಡಿಸಿದರೆ ಯಾರಿಗೂ ಕಾಣುವುದಿಲ್ಲ, ರಿಬ್ಬನ್ ಕಟ್ ಮಾಡಲೂ ಆಗುವುದಿಲ್ಲ.

ದಂಡೆ ಹಾಕಿದರೆ ಜನರಿಗೂ ತೊಂದರೆ ಇದೆ. ಹೊಲದ ಕಡೆಯಿಂದ ಹರಡಿಕೊಂಡು ಬರುತ್ತಿದ್ದ ಮಳೆನೀರು ಹೊರಗೇ ನಿಲ್ಲುತ್ತದೆ. ದಂಡೆ ಕೆಳಗೆ ಎರಡಡಿಯ ಸಿಮೆಂಟ್ ಪೈಪು ಇಟ್ಟಿರುತ್ತಾರೆ. ಒಂದು ಪ್ಲಾಸ್ಟಿಕ್ ಚೀಲ, ಒಂದು ತೆಂಗಿನ ಗರಿ ಸಾಕು ಅದು ಕಟ್ಟಿಕೊಳ್ಳಲು. 2021ರ ನವೆಂಬರ್ ಮಳೆ ನೆನಪಿದೆಯಲ್ಲ? ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹೋದವು. ಕೆರೆ ಹಿಂದಕ್ಕೆ ಎಲ್ಲಿಯವರೆಗೆ ನೀರು ನಿಲ್ಲುತ್ತದೆ ಅನ್ನುವುದೇ ಜನಕ್ಕೆ ಮರೆತುಹೋಗಿತ್ತು, ಅಲ್ಲಿ ಮನೆ ಎದ್ದಿತ್ತು.

ಇನ್ನು ಜೊಂಡು. ಕೆ.ಸಿ. ವ್ಯಾಲಿ ಅಂದರೆ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ ಪಂಪ್ ಮಾಡಿದ ನೀರು. 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಮರು ತಿಂಗಳೇ ಅಲ್ಲಿ ನೊರೆ ಎದ್ದು ಹೈಕೋರ್ಟ್ ತಡೆ ಕೊಟ್ಟಿತು. 2019ರಲ್ಲಿ ಸುಪ್ರೀಂ ಕೋರ್ಟ್‌ನಿಂದಲೂ ತಡೆ ಬಂದು, ಆಮೇಲೆ ತೆರವಾಯಿತು. ಆ ಜಗಳ ಈಗ ಬೇಡ. ನಮಗೆ ಬೇಕಾದ ವಿಷಯ ಇಷ್ಟು: ಎರಡನೇ ಹಂತದಲ್ಲಿ ಕೊಳೆಯುವ ಪದಾರ್ಥ ಬಹುಪಾಲು ಹೋಗುತ್ತದೆ, ಸಾರಜನಕ ಮತ್ತು ರಂಜಕ ಸಾಕಷ್ಟು ಉಳಿಯುತ್ತದೆ. ಅದು ಗೊಬ್ಬರ. ಅದರ ಮೇಲೆ ನಿಮ್ಮ ಎರಡು ಬಡಾವಣೆಗಳ ಶುದ್ಧವಾಗದ ಕೊಳಚೆ ಬೇರೆ. ಇಷ್ಟೆಲ್ಲ ಗೊಬ್ಬರವನ್ನು ಯಾರಾದರೂ ತಿನ್ನಲೇಬೇಕು. ಜೊಂಡು ತಿನ್ನದಿದ್ದರೆ ಪಾಚಿ ತಿನ್ನುತ್ತದೆ, ನೀರು ಹಸಿರು ಬಣ್ಣಕ್ಕೆ ತಿರುಗಿ ಒಂದು ದಿನ ಮೀನು ತೇಲುತ್ತದೆ.

ಬೆಂಗಳೂರಿನ ಜಕ್ಕೂರು ಕೆರೆಯಲ್ಲಿ ಇದನ್ನು ಬೇಕೆಂದೇ ಮಾಡಿದ್ದಾರೆ. ಶುದ್ಧೀಕರಣ ಘಟಕದ ನೀರು, ಶುರುವಿನಲ್ಲಿ ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದ್ದು, ನೇರ ಕೆರೆಗೆ ಬೀಳುವುದಿಲ್ಲ. ಮೊದಲು ಜೊಂಡು ಬೆಳೆದ ತೆಳು ನೀರಿನ ಜೌಗಿನಲ್ಲಿ ನಿಧಾನಕ್ಕೆ ಹಾದು ಬರುತ್ತದೆ. ಅವರು ದುಡ್ಡು ಕೊಟ್ಟು ಮಾಡಿಸಿದ್ದು ನಿಮ್ಮಲ್ಲಿ ತಾನಾಗೇ ಬೆಳೆದಿದೆ, ಅದೂ ಸರಿಯಾಗಿ ಕಾಲುವೆ ಬಾಯಲ್ಲಿ. ಅದನ್ನು ಕೀಳಲು ಟೆಂಡರ್!

ಹಾಗಂತ ಜೊಂಡನ್ನು ಪೂಜೆ ಮಾಡಬೇಕಿಲ್ಲ. ಬಿಟ್ಟರೆ ಕೆರೆಯೆಲ್ಲ ಹಬ್ಬುತ್ತದೆ. ಪ್ರತಿ ವರ್ಷ ಒಂದೊಂದು ಭಾಗ ಕೊಯ್ಯಬೇಕು, ಮರಿ ಮಾಡುವ ಕಾಲ ಬಿಟ್ಟು. ಕೊಯ್ದದ್ದನ್ನು ಕೆರೆಯಿಂದ ಆಚೆ ಸಾಗಿಸಬೇಕು. ಅಲ್ಲೇ ಕೊಳೆಯಲು ಬಿಟ್ಟರೆ ಹೀರಿದ ಗೊಬ್ಬರ ವಾಪಸ್ ನೀರಿಗೇ. ನೀಲಿ ಹೂ ಬಿಡುವ ತೇಲುವ ಕಳೆ ಇದ್ದರೆ ಮಾತ್ರ ಪೂರ್ತಿ ತೆಗೆಸಿ, ಅದಕ್ಕೆ ದಯೆ ಬೇಡ.

ಸೊಳ್ಳೆ ಬಗ್ಗೆ ಎದುರುಮನೆಯವರಿಗೆ ಹೇಳಿ. ಡೆಂಗಿ ಸೊಳ್ಳೆ ಹುಟ್ಟುವುದು ಮನೆಯ ಡ್ರಮ್ಮು, ಹೂಕುಂಡ, ಹಳೇ ಟೈರಿನಲ್ಲಿ. ರಾತ್ರಿ ಕಿವಿಯಲ್ಲಿ ಹಾಡುವ ಸೊಳ್ಳೆಗೆ ನಿಂತ ಕೊಳಚೆ ಬೇಕು. ಮೀನಿರುವ ಕೆರೆಯಲ್ಲಿ ಲಾರ್ವಾ ಉಳಿಯುವುದು ಕಷ್ಟ. ಕೊಳಚೆ ನಿಲ್ಲಿಸಿದರೆ ಸೊಳ್ಳೆ ಕಡಿಮೆಯಾಗುತ್ತದೆ, ಪೇವರ್ ಹಾಕಿದರೆ ಅಲ್ಲ.

ತಂದೆಯವರು ನಡೆಯಲು ಏರಿ ಇದೆಯಲ್ಲ? ಜಾಲಿ ತೆಗೆದು ಮೇಲೆ ಗ್ರಾವೆಲ್ ಹಾಕಿಸಿ, ನಾಲ್ಕು ಕಲ್ಲುಬೆಂಚು ಇಡಿಸಿ. ಹೋಗಿ ಬಂದರೆ ಸಾಕಷ್ಟು ದೂರ ಆಗುತ್ತದೆ. ಟ್ರ್ಯಾಕ್ ಸುತ್ತಲೂ ಇರಲೇಬೇಕು ಅಂತ ಯಾವ ಡಾಕ್ಟರೂ ಬರೆದುಕೊಟ್ಟಿರುವುದಿಲ್ಲ.

ಎರಡು_ಸೀಮೆಹಸು (ಚಿಕ್ಕಬಳ್ಳಾಪುರ):

ನಮ್ಮ ಕಡೆ ಎಚ್.ಎನ್. ವ್ಯಾಲಿ, ಅಂದರೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಶುದ್ಧ ಮಾಡಿದ ಕೊಳಚೆ ನೀರು ಬರುತ್ತದೆ, ಕಂದವಾರ ಕೆರೆ ಕಡೆ ಬಂದರೆ ಕಾಣುತ್ತದೆ. ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿರುವುದು ನಿಜ, ಸುಳ್ಳು ಹೇಳಬಾರದು. ಆದರೆ ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಎರಡೂ ಜಿಲ್ಲೆಯವರು ಕೇಳುತ್ತಲೇ ಇದ್ದೇವೆ.

ನಾನು ಹೇಳಬೇಕಾದ್ದು ಬೇಲಿ ವಿಷಯ. ನಿಮ್ಮಲ್ಲಿ ಯಾರೂ ಹಸು ಸಾಕಿಲ್ಲ ಅಂತ ಕಾಣುತ್ತದೆ, ಒಬ್ಬರೂ ಹುಲ್ಲಿನ ಮಾತೇ ಎತ್ತಲಿಲ್ಲ. ಕೆರೆ ಹಿನ್ನೀರು ಇಳಿದ ಮೇಲೆ ಬರುವ ಹುಲ್ಲು ಬೇಸಿಗೆಯಲ್ಲಿ ನಮ್ಮಂಥವರನ್ನು ಕಾಪಾಡುತ್ತದೆ. ನಮ್ಮ ಪಕ್ಕದ ಊರಿನ ಕೆರೆಗೆ ಇದೇ ರೀತಿ ತಂತಿಬೇಲಿ ಹಾಕಿ ಗೇಟು ಇಟ್ಟರು. ಗೇಟಿಗೆ ಬೀಗ ಇದೆ, ಬೀಗದ ಕೈ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲ. ಕೇಳಿದರೆ ಈ ಆಫೀಸಿನವರು ಆ ಆಫೀಸು ತೋರಿಸುತ್ತಾರೆ. ಹುಲ್ಲು ಕೊಯ್ಯುತ್ತಿದ್ದ ಹೆಂಗಸರು ಈಗ ಒಂದು ಕಡೆ ತಂತಿ ಬಗ್ಗಿಸಿ ನುಗ್ಗುತ್ತಾರೆ. ಸೀರೆ ಹರಿದರೆ ಅವರ ಕರ್ಮ. ಕಸ ತರುವ ಟ್ರ್ಯಾಕ್ಟರ್‌ಗೆ ಮಾತ್ರ ಬೇಲಿಯ ಇನ್ನೊಂದು ತುದಿಯಲ್ಲಿ ದಾರಿ ಇದೆ.

ಸೆಲ್ಫಿ ಪಾಯಿಂಟ್ ಅಂತೆ. ಮೊದಲು ಹಸುಗಳು ನೀರಿಗೆ ಇಳಿಯಲು ಒಂದು ಇಳಿಜಾರು ಬರೆಸಿಕೊಳ್ಳಿ ತಮ್ಮಾ.

ಪಹಣಿ_ಪುಟ (ತುಮಕೂರು):

ಕಾನೂನು ಕಡೆಯಿಂದ ಸ್ವಲ್ಪ. ನಾನು ಜಮೀನು ಕೇಸುಗಳನ್ನೇ ಜಾಸ್ತಿ ನೋಡುವವನು.

ಕೇಂದ್ರದ 2017ರ ಜೌಗುಪ್ರದೇಶ ನಿಯಮಗಳನ್ನು ನೆಚ್ಚಿಕೊಂಡು ಅರ್ಜಿ ಬರೆದರೆ ಮೊದಲ ದಿನವೇ ಸಿಕ್ಕಿಹಾಕಿಕೊಳ್ಳುತ್ತೀರಿ. ನೀರಾವರಿಗೆಂದೇ ಮನುಷ್ಯರು ಕಟ್ಟಿದ್ದು, ಕುಡಿಯುವ ನೀರಿಗೆಂದೇ ಕಟ್ಟಿದ್ದು ಆ ನಿಯಮಗಳ ವ್ಯಾಖ್ಯೆಯಿಂದ ಹೊರಗಿದೆ. ನಮ್ಮ ಸೀಮೆಯ ಕೆರೆ ಬಹುತೇಕ ಎಲ್ಲ ಅದೇ. ತಮಾಷೆ ನೋಡಿ, 2024ರಲ್ಲಿ ಕರ್ನಾಟಕದಿಂದ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಎರಡೂ ನೀರಾವರಿಗೆ ಕಟ್ಟಿದ ಕೆರೆಗಳೇ. ಹಕ್ಕಿಗಳು ಯಾರು ಯಾಕೆ ಕಟ್ಟಿಸಿದರು ಅಂತ ವಿಚಾರಿಸಿಕೊಂಡು ಇಳಿಯುವುದಿಲ್ಲ.

ಪೂರ್ತಿ ಕೈಬಿಡಬೇಕಾಗಿಲ್ಲ. 2.25 ಹೆಕ್ಟೇರ್‌ಗಿಂತ ದೊಡ್ಡವು ಅಂತ ಉಪಗ್ರಹ ನಕ್ಷೆಯಲ್ಲಿ ಗುರುತಿಸಿದ 2,01,503 ಜೌಗುಪ್ರದೇಶಗಳನ್ನು ಕಾಪಾಡಬೇಕು ಅಂತ ಸುಪ್ರೀಂ ಕೋರ್ಟ್ 2017ರ ಫೆಬ್ರವರಿಯಲ್ಲಿ ಹೇಳಿದೆ. 2024ರ ಡಿಸೆಂಬರ್‌ನಲ್ಲಿ ರಾಜ್ಯಗಳು ಸ್ಥಳಕ್ಕೆ ಹೋಗಿ ಪರಿಶೀಲಿಸಿ ಗಡಿ ಗುರುತಿಸಲಿ ಅಂತಲೂ ಆದೇಶ ಆಗಿದೆ. ನಿಮ್ಮ ಕೆರೆ ಆ ಪಟ್ಟಿಯಲ್ಲಿದೆಯಾ ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿ. ಹತ್ತು ರೂಪಾಯಿ ಕೆಲಸ.

ಆದರೆ ನಿಮ್ಮ ಕೈಯಲ್ಲಿರುವ ಗಟ್ಟಿ ಹಿಡಿ ರಾಜ್ಯದ್ದೇ, 2014ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ. ಕೆರೆಯೊಳಗೆ ಕಟ್ಟಡ, ಕಸ, ಕೊಳಚೆ ಕೂಡದು. ಗಡಿಯಿಂದ 30 ಮೀಟರ್ ಒಳಗೆ ಮನೆ, ಅಂಗಡಿ, ಮನರಂಜನೆ ಸಂಕೀರ್ಣ ಕೂಡದು. ರಸ್ತೆ, ದಂಡೆ ಮಾಡಬೇಕಾದರೂ ಪ್ರಾಧಿಕಾರದ ಅನುಮತಿ ಬೇಕು. ಜಿಲ್ಲಾ ಸಮಿತಿಗೆ ಡಿ.ಸಿ. ಅವರೇ ಅಧ್ಯಕ್ಷರು. ಈ ದಂಡೆಗೆ ಅನುಮತಿ ಆಗಿದೆಯಾ ಅನ್ನುವ ಒಂದೇ ಪ್ರಶ್ನೆ ಬರವಣಿಗೆಯಲ್ಲಿ ಕೇಳಿ ನೋಡಿ. ಒಂದು ಎಚ್ಚರಿಕೆ: ಈ 30 ಮೀಟರನ್ನು ಕೆರೆಯ ಅಳತೆಗೆ ತಕ್ಕಂತೆ ಕಡಿಮೆ ಮಾಡುವ ತಿದ್ದುಪಡಿ ಮಸೂದೆ 2025ರ ಆಗಸ್ಟ್‌ನಲ್ಲಿ ವಿಧಾನಸಭೆಯಲ್ಲಿ ಪಾಸಾಗಿತ್ತು. ಬರೆಯುವ ಹೊತ್ತಿಗೆ ಅದರ ಸ್ಥಿತಿ ಏನು ಅಂತ ನೋಡಿಕೊಂಡು ಬರೆಯಿರಿ.

ಕೆರೆ ಸುತ್ತ 75 ಮೀಟರ್ ಬಿಡಬೇಕು ಅಂತ ವಾಟ್ಸಾಪ್‌ನಲ್ಲಿ ಓಡಾಡುವ ಲೆಕ್ಕ ಮಾತ್ರ ಹಾಕಬೇಡಿ. ಅದು ಹಸಿರು ನ್ಯಾಯಮಂಡಳಿ 2016ರಲ್ಲಿ ಬೆಂಗಳೂರಿಗೆ ಹೇಳಿದ್ದು, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಅದೊಂದು ಸಾಲು ಇದ್ದರೆ ಉಳಿದ ಅರ್ಜಿಯನ್ನೂ ಯಾರೂ ಓದುವುದಿಲ್ಲ.

ದಿಶಾಂಕ್ ಆ್ಯಪ್ ಹಾಕಿಕೊಂಡು ಕೆರೆ ಸುತ್ತ ಒಮ್ಮೆ ನಡೆಯಿರಿ. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ರಾಜಕಾಲುವೆ, ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಸರ್ಕಾರಿ ಜಾಗ) ಎಲ್ಲಿ ಹಾದುಹೋಗಿದೆ ಅಂತ ಅಂದಾಜು ಸಿಗುತ್ತದೆ. ಅದು ಸಾಕ್ಷಿಯಲ್ಲ, ದಾರಿ ಅಷ್ಟೇ. ಸಾಕ್ಷಿಗೆ ಗ್ರಾಮ ನಕಾಶೆ, ಆಕಾರಬಂದ್ (ಸರ್ವೆ ನಂಬರಿನ ವಿಸ್ತೀರ್ಣದ ದಾಖಲೆ) ಪ್ರತಿ ತೆಗೆದು ಸರ್ವೆಗೆ ಅರ್ಜಿ ಹಾಕಬೇಕು.

ನರಸಾಪುರ_ಶಿಫ್ಟ್:

ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ.

ನೈಟ್ ಶಿಫ್ಟ್ ಮುಗಿಸಿ ಬಂದವನು ತಂಗಿಯನ್ನು ಕರೆದುಕೊಂಡು ದಿಶಾಂಕ್ ಹಿಡಿದು ಹೊರಟೆ. ಮಂಟಪ ಬರಬೇಕಾದ ಜಾಗಕ್ಕೆ ಸುಣ್ಣದ ಗುರುತು ಹಾಕಿದ್ದಾರೆ. ಆ್ಯಪ್‌ನಲ್ಲಿ ಅದು ಹಳ್ಳದ ಮೇಲೇ ಬೀಳುತ್ತದೆ. 'ಲೇಕ್ ವ್ಯೂ' ಲೇಔಟಿನ ಕೊನೆಯ ಸಾಲು ಸೈಟುಗಳ ಬೇಲಿ ಕೆರೆ ಸರ್ವೆ ನಂಬರಿನ ಒಳಗೆ ತೋರಿಸುತ್ತಿದೆ. ದಂಡೆಯ ಗುರುತು ಆ ಬೇಲಿಯಿಂದ ನೀಟಾಗಿ ಒಳಗೆ ಹೋಗಿದೆ. ಹಳೇ ತೂಬು ಸರ್ ಗಡಿಕಲ್ಲು ಅಂದದ್ದು ಯಾಕೆ ಅಂತ ಅಲ್ಲಿ ನಿಂತಾಗ ಅರ್ಥವಾಯಿತು. ನಾಳೆ ತಾಲ್ಲೂಕು ಕಚೇರಿಯಲ್ಲಿ ನಕಾಶೆ ಪ್ರತಿಗೆ ಹಾಕುತ್ತೇನೆ.

ಸಂಘದ ಅರ್ಜಿಗೆ ಸಹಿ ಹಾಕಿಲ್ಲ. ಬದಲಿಗೆ ಇನ್ನೊಂದು ಬರೆದಿದ್ದೇವೆ. ಟ್ರ್ಯಾಕ್ ಬೇಡ ಅಂತ ಬರೆದಿಲ್ಲ, ಬರೆದರೆ ಸಭೆಯಲ್ಲಿ ಒಬ್ಬರೂ ಕೇಳುವುದಿಲ್ಲ. ಮೊದಲು ಎರಡು ಬಡಾವಣೆಗಳ ಕೊಳಚೆಯನ್ನು ಯುಜಿಡಿಗೆ (ಒಳಚರಂಡಿಗೆ) ಜೋಡಿಸಿ, ಸರ್ವೆ ಮಾಡಿ ಕಲ್ಲು ನೆಡಿ, ನಡೆಯುವ ದಾರಿ ಏರಿ ಮೇಲೆ ಮಾಡಿ, ಕಾಲುವೆ ಬಾಯಿಯ ಜೊಂಡು ಬಿಡಿ, ಹಸು ಇಳಿಯಲು ಜಾಗ ಬಿಡಿ ಅಂತ. ಕೊನೆಯದನ್ನು ಓದಿ ಅಪ್ಪ ನಕ್ಕರು, ಆದರೆ ನಮ್ಮ ಹಿಂದಿನ ಬೀದಿಯ ಹಾಲಿನವರು ಮೊದಲ ಸಹಿ ಹಾಕಿದರು.

ಅಮಾನಿಕೆರೆ_ವಾಕರ್ (ತುಮಕೂರು):

ದಂಡೆ ವಿಷಯ ಒಪ್ಪಿದೆ. ಲೈಟು ವಿಷಯ ಒಪ್ಪುವುದಿಲ್ಲ. ನಿಮ್ಮ ಅರ್ಜಿಯಲ್ಲಿ ಲೈಟೇ ಇಲ್ಲ. ನನ್ನ ಹೆಂಡತಿ ಬೆಳಿಗ್ಗೆ ಐದೂವರೆಗೆ ನಡೆಯಲು ಹೋಗುತ್ತಾಳೆ. ಕತ್ತಲ ಏರಿಯ ಮೇಲೆ ಯಾವ ಹೆಂಗಸು ಹೋಗುತ್ತಾಳೆ ಹೇಳಿ? ಹಕ್ಕಿಗೆ ತೊಂದರೆ ಅಂತ ಲೈಟು ತೆಗೆಸಿದರೆ ಆ ದಾರಿ ಗಂಡಸರಿಗೆ ಮಾತ್ರ ಆಗುತ್ತದೆ.

ಹಳೇ_ತೂಬು:

ಈ ಮಾತು ಸರಿ. ಲೈಟು ಸೇರಿಸಿ. ಏರಿ ಮೇಲೆ ಮಾತ್ರ, ಮೊಣಕಾಲೆತ್ತರದ ಕಂಬ, ಬೆಳಕು ದಾರಿಗೆ ಬೀಳಬೇಕು, ನೀರಿಗಲ್ಲ. ಜೊಂಡಿನ ಕಡೆ ಒಂದೂ ಬೇಡ.

ನಿಮ್ಮ ಅರ್ಜಿಗೆ ಇನ್ನೆರಡು ಸೇರಿಸಿ. ಹೂಳು ತೆಗೆಯುವಾಗ ಏರಿಯ ಬುಡದಲ್ಲಿ ಅಗೆಯಕೂಡದು, ಏರಿ ಕುಸಿಯುತ್ತದೆ. ತೆಗೆದ ಗೋಡನ್ನು, ಅಂದರೆ ಹೂಳುಮಣ್ಣನ್ನು, ಹೊಲಕ್ಕೆ ಹಾಕುವ ಮುಂಚೆ ಒಮ್ಮೆ ಪರೀಕ್ಷೆ ಮಾಡಿಸಿ, ಕೊಳಚೆ ನಿಂತ ಕೆರೆಯ ಹೂಳು ಹಳೇ ಕಾಲದ ಗೋಡಲ್ಲ.

ಎರಡನೆಯದು ಕೋಡಿ. 'ಲೇಕ್ ವ್ಯೂ'ನವರು ಮಳೆಗಾಲದಲ್ಲಿ ಸೈಟಿಗೆ ನೀರು ಬರುತ್ತದೆ, ಕೋಡಿ ಒಂದಡಿ ಇಳಿಸಿ ಅಂತ ಕೇಳಿಯೇ ಕೇಳುತ್ತಾರೆ. ರಾತ್ರೋರಾತ್ರಿ ಒಡೆದದ್ದೂ ಉಂಟು. ಅಲ್ಲಿ ಒಂದಡಿ ಹೋದರೆ ನಿಮ್ಮ ತೆಳು ಅಂಚು ಅಷ್ಟೂ ಒಣನೆಲ, ಮರುವರ್ಷ ಅದೂ ಸೈಟು. ಕೋಡಿಯ ಈಗಿನ ಎತ್ತರವನ್ನು ಅಳತೆ ಮಾಡಿಸಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ನಿಮ್ಮ ಕೆರೆ ಕೋಡಿ ನೀರೇ ಕೆಳಗಿನ ಕೆರೆಗೆ ಹೋಗುತ್ತದೆ, ಆ ಊರಿನವರನ್ನೂ ಭಾನುವಾರದ ಸಭೆಗೆ ಕರೆಯಿರಿ. ಅವರು ಹತ್ತು ಜನ ಬಂದರೆ ಸಾಕು, ಈ ವಿಷಯ ನಿಮ್ಮ ಬಡಾವಣೆಯ ಪಾರ್ಕಿನ ಜಗಳವಾಗಿ ಉಳಿಯುವುದಿಲ್ಲ.

ನರಸಾಪುರ_ಶಿಫ್ಟ್:

ಕೆಳಗಿನ ಊರಿನಲ್ಲಿ ನಮ್ಮ ದೊಡ್ಡಮ್ಮನ ಮನೆ ಇದೆ ಸರ್. ಇವತ್ತೇ ಫೋನ್ ಮಾಡುತ್ತೇನೆ. ಕೋಡಿ ಅಳತೆಗೆ ಯಾರನ್ನು ಕೇಳಬೇಕು, ನಗರಸಭೆಯನ್ನಾ ಅಥವಾ ಸಣ್ಣ ನೀರಾವರಿಯನ್ನಾ?

ಹಳೇ_ತೂಬು:

ಅಚ್ಚುಕಟ್ಟು, ಅಂದರೆ ಕೆರೆ ನೀರುಣಿಸುವ ಜಮೀನು, 40 ಹೆಕ್ಟೇರ್ ಮೇಲಿದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ. ಅದಕ್ಕಿಂತ ಚಿಕ್ಕದಾದರೆ ಪಂಚಾಯತ್ ಕಡೆ, ಊರೊಳಗೆ ಸೇರಿದ್ದರೆ ನಗರಸಭೆಗೆ ಹಸ್ತಾಂತರ ಆಗಿರಬಹುದು. ಅರ್ಜಿಯನ್ನು ಡಿ.ಸಿ. ಅವರ ಹೆಸರಿಗೆ ಬರೆದು ಮೂರೂ ಕಡೆ ಪ್ರತಿ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.